ಲೈನಮ್ಮನ ಶನಿವಾರದ ಪರೀಕ್ಷೆ

ಬೀದಿದೀಪಗಳು ಇನ್ನೂ ಆರಿಲ್ಲ. ಊಟದ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ಟೀ ಲೋಟ ಹಿಡಿದ ಮಾವ. ಸೊಸೆ ಕಪ್ಪು ಪರದೆಯ ಮೇಲೆ ಒಂದು ಸಾಲು ಕಮಾಂಡ್ ಬರೆದು, ತುಟಿ ಅಲುಗಿಸುತ್ತ ಓದಿಕೊಂಡು, ಎಂಟರ್ ಒತ್ತುತ್ತಾರೆ. ಆಸ್ಪತ್ರೆಯ, ಚೆನ್ನಾಗಿಯೇ ನಡೆಯುತ್ತಿದ್ದ ಡೇಟಾ ಲೈನೊಂದು ಬಂದ್ ಆಗುತ್ತದೆ.

“ಸರಿಯಾಗಿರೋದನ್ನ ಯಾಕಮ್ಮ ನಿಲ್ಲಿಸ್ತೀಯ?” ಇದು ಮಾವನ ಪ್ರತಿ ಶನಿವಾರದ ಪ್ರಶ್ನೆ. ಅವರು ಬಸ್ ಓಡಿಸಿ ನಿವೃತ್ತರಾದವರು.

“ಸ್ಟೆಪ್ನಿ ಇದೆ ಅಂದ್ರೆ ಸಾಕಾ ಮಾವ? ಅದ್ರಲ್ಲಿ ಗಾಳಿ ಇದೆಯಾ ಅಂತ ನೋಡ್ಬೇಡ್ವಾ?”

ಮಾವ ನಗುವಷ್ಟರಲ್ಲಿ ಎರಡನೇ ಲೈನು ಹೊರೆ ಹೊತ್ತುಕೊಂಡಿರುತ್ತದೆ.

ಸಹೋದ್ಯೋಗಿಗಳ ಬಾಯಲ್ಲಿ ಇವರು ಲೈನಮ್ಮ. ಹಲವು ಶಾಖೆಗಳ ಆ ಆಸ್ಪತ್ರೆಯ ಸ್ಕ್ಯಾನ್ ಚಿತ್ರ, ವರದಿಗಳೆಲ್ಲ ಇರುವುದು ದೂರದ ಕ್ಲೌಡ್‌ನಲ್ಲಿ. ಅಲ್ಲಿಗೆ ಇಂಟರ್ನೆಟ್ಟಿನ ನೂಕುನುಗ್ಗಲಿಲ್ಲದ, ಆಸ್ಪತ್ರೆಗಷ್ಟೇ ಮೀಸಲಾದ ಲೈನುಗಳಿವೆ, ಶಾಖೆಗೆ ಎರಡೆರಡು. ಅವನ್ನು ಜೋಡಿಸುವುದು, ಕಾಯುವುದು, ಹಳೆಯದನ್ನು ಕಳಚುವುದು ಇವರ ಕೆಲಸ.

ಮೊದಲು ಸೇರಿದ್ದು ಅದೇ ಆಸ್ಪತ್ರೆಯ ಫೋನ್ ಡೆಸ್ಕಿಗೆ. “ಲೈನ್ ಹೋದಾಗ್ಲೆಲ್ಲ ಬೈಸಿಕೊಳ್ತಿದ್ದೋಳು ನಾನೇ. ಯಾಕೆ ಹೋಗುತ್ತೆ ಅಂತ ತಿಳ್ಕೊಳ್ಳೋಕೆ ಹೊರಟೆ, ಇಲ್ಲಿಗೆ ಬಂದ್ಬಿಟ್ಟೆ.” ಸಂಜೆ ತರಗತಿಗೆ ಹೋದಷ್ಟು ಕಾಲ ಅಡುಗೆ ಗಂಡನ ಪಾಲಿಗೆ ಬಿತ್ತು. ಮೊದಮೊದಲು ಮೌಸ್ ಒತ್ತಿ ಒತ್ತಿ ಒಂದೊಂದೇ ಲೈನ್ ಜೋಡಿಸುತ್ತಿದ್ದರು. ಒಂದು ಅಂಕಿ ತಪ್ಪಿದರೂ ದಿನವಿಡೀ ಹುಡುಕಾಟ. ಈಗ ಅವರೇ ಬರೆದ ಸ್ಕ್ರಿಪ್ಟು, ಅಂದರೆ ಪುಟ್ಟದೊಂದು ಪ್ರೋಗ್ರಾಂ, ಆ ಕೆಲಸ ಮಾಡುತ್ತದೆ, ಅದೂ “ಮುಂದುವರಿಯಲೇ?” ಎಂದು ಕೇಳಿ.

“ಈ ಮನೇಲಿ ನನ್ನ ಕೇಳಿ ಕೆಲ್ಸ ಮಾಡೋದು ಅದೊಂದೇ,” ಎಂದು ಗಂಡನತ್ತ ನೋಡುತ್ತಾರೆ. ಗಂಡ ಕೇಳಿಸದವರಂತೆ ಪಾತ್ರೆ ತೊಳೆಯುತ್ತಾರೆ.

ಕಳೆದ ತಿಂಗಳು ಶನಿವಾರದ ಪರೀಕ್ಷೆಯಲ್ಲಿ, ಲೈನಮ್ಮ ಕೂರುವ ಶಾಖೆಯ ಎರಡನೇ ಲೈನೇ ಕೈಕೊಟ್ಟಿತು. ಪರದೆ ‘ಜೋಡಣೆಯಾಗಿದೆ’ ಎನ್ನುತ್ತಿತ್ತು, ಒಂದು ಚಿತ್ರವೂ ದಾಟುತ್ತಿರಲಿಲ್ಲ. ಮೊದಲನೆಯದನ್ನು ಮತ್ತೆ ಚಾಲೂ ಮಾಡಿ, ಲೈನ್ ಕಂಪನಿಯವರ ಬೆನ್ನು ಬಿದ್ದು ಎರಡನೆಯದನ್ನು ಸರಿಮಾಡಿಸಿದರು. ಅದೇ ವಾರ ಆಸ್ಪತ್ರೆಯ ಮುಂದೆ ಚರಂಡಿ ಅಗೆಯುತ್ತಿದ್ದ ಯಂತ್ರ ಮೊದಲ ಲೈನಿನ ಕೇಬಲ್ಲನ್ನು ಕತ್ತರಿಸಿಹಾಕಿತು.

ಆಗ ಒಳಗೆ, ಕಟ್ಟಡದಿಂದ ಬಿದ್ದ ಗಾರೆ ಮೇಸ್ತ್ರಿಯೊಬ್ಬರ ತಲೆಯ ಸ್ಕ್ಯಾನ್ ಬೇರೆ ಊರಿನ ತಜ್ಞರಿಗೆ ಹೋಗಬೇಕಿತ್ತು. ಲೈನ್ ಹೋಯಿತೆಂಬ ಎಚ್ಚರಿಕೆ ಪರದೆಗೆ ಬಂದೊಡನೆ ಲೈನಮ್ಮ ಸ್ಕ್ಯಾನ್ ಕೋಣೆಗೆ ಫೋನ್ ಮಾಡಿದರು. “ಫೋಟೋ ಹೋಯ್ತಾ?”

“ಈಗ ತಾನೇ ಹೋಯ್ತು ಮೇಡಂ. ಯಾಕೆ?”

“ಸುಮ್ನೆ ಕೇಳ್ದೆ.”

ಬೇರೆ ಬೀದಿಯಿಂದ ಬರುವ ಎರಡನೇ ಲೈನು ಕೆಲಸ ಮಾಡಿತ್ತು. ಕೆಳಗಿಳಿದು ಬಂದರೆ, ಯಂತ್ರದ ಚಾಲಕ ಗುಂಡಿಯ ಪಕ್ಕ ಬಿಳಿಚಿಕೊಂಡು ನಿಂತಿದ್ದ. “ಅಕ್ಕಾ, ಆಸ್ಪತ್ರೆ ನಿಂತೋಯ್ತಾ?”

“ಏನೂ ನಿಂತಿಲ್ಲ. ಮೊದ್ಲು ಟೀ ಕುಡಿ ಬಾ.”

ತಜ್ಞರ ಮಾತಿನಂತೆ ಮೇಸ್ತ್ರಿಗೆ ಅಂದೇ ಶಸ್ತ್ರಚಿಕಿತ್ಸೆಯಾಯಿತು. ಲೈನಿನ ಈ ಕಥೆಯೆಲ್ಲ ಅವರಿಗೆ ಗೊತ್ತೇ ಇಲ್ಲ. ಹೇಳಬಾರದೇ ಎಂದರೆ ಲೈನಮ್ಮ ನಗುತ್ತಾರೆ.

“ಮೊನ್ನೆ ಮೇಸ್ತ್ರಿ ಲಿಫ್ಟಲ್ಲಿ ಸಿಕ್ಕಿದ್ರು, ಡಾಕ್ಟ್ರಿಗೆ ತೋರಿಸೋಕೆ ನಡ್ಕೊಂಡೇ ಬಂದಿದ್ರು. ‘ಯಾರನ್ನ ನೋಡೋಕೆ ಬಂದಿದ್ದೀಯಮ್ಮಾ?’ ಅಂದ್ರು. ‘ನೋಡಿದ್ದಾಯ್ತು’ ಅಂದೆ.”