ಎರಡು ದಡಕ್ಕೂ ಒಂದೇ ನಂಬರು

ನನ್ನ ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅಮ್ಮ ಎರಡನೆಯ ವಾರಕ್ಕೇ ನನ್ನ ಸೈಕಲ್ಲನ್ನು ತನ್ನದು ಮಾಡಿಕೊಂಡಳು. ಹುಡುಗಿಯಾಗಿದ್ದಾಗ ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದಳಂತೆ. ಮದುವೆಯಾದ ಮೇಲೆ ಆ ಸೈಕಲ್ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಲ್ಲಿ ಜಪಾನಿನ ಎಡೋಗಾವಾದಲ್ಲಿ ಅವಳಿಗಿಂತ ಹತ್ತು ವರ್ಷ ದೊಡ್ಡ ಅಜ್ಜಿಯರು ಮುಂದೆ ಬುಟ್ಟಿಯಿರುವ ಸೈಕಲ್ ಏರಿ ಸೊಪ್ಪು ತರಲು ಹೋಗುವುದನ್ನು ಐದನೆಯ ಮಹಡಿಯ ಬಾಲ್ಕನಿಯಿಂದ ನೋಡಿ ನೋಡಿ, ಒಂದು ದಿನ ಕೆಳಗಿಳಿದು ಸೀಟನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು. ಅಮ್ಮ ನನಗಿಂತ ಅರ್ಧ ಅಡಿ ಕುಳ್ಳು.

ಮನೆಯಿಂದ ಐದು ನಿಮಿಷಕ್ಕೆ ನದಿ. ಎರಡೂ ಕಡೆ ಎತ್ತರದ ಮಣ್ಣಿನ ಏರಿ, ಏರಿಯ ಇಳಿಜಾರಿಗೆ ಹುಲ್ಲು, ಕೆಳಗೆ ನೀರಿನ ಪಕ್ಕದಲ್ಲೇ ಸಣ್ಣ ಡಾಂಬರು ರಸ್ತೆ. ಕಾರು, ಸ್ಕೂಟರು ಯಾವುದನ್ನೂ ಒಳಗೆ ಬಿಡುವುದಿಲ್ಲ. ನಡೆಯುವವರು, ಓಡುವವರು, ಸೈಕಲ್ಲಿನವರು ಮಾತ್ರ. ಶನಿವಾರ ಭಾನುವಾರ ಬಿಟ್ಟರೆ ಅವರೂ ಅಪರೂಪ.

"ಹಾರನ್ ಇಲ್ಲ, ಹಂಪ್ ಇಲ್ಲ, ನಾಯಿ ಅಟ್ಟಿಸ್ಕೊಂಡು ಬರಲ್ಲ," ಎನ್ನುತ್ತಿದ್ದಳು ಅಮ್ಮ. "ನನ್ನ ಪಾಡಿಗೆ ನಾನು ತುಳೀತಾ ಹೋಗ್ತೀನಿ ಕಣೇ. ನೀರು ಅದರ ಪಾಡಿಗೆ ಹೋಗ್ತಿರುತ್ತೆ. ಅರವತ್ತೆರಡು ವರ್ಷಕ್ಕೆ ನನಗೊಂದು ರಸ್ತೆ ಸಿಕ್ತು ನೋಡು."

ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ? ತಲೆಗೆ, ಕಿವಿಗೆ ಸ್ಕಾರ್ಫ್ ಬಿಗಿದುಕೊಂಡು, ಬೆಳ್ಳುಳ್ಳಿ ಸಾರು ಕುಡಿದುಕೊಂಡು, ಕಿಟಕಿ ಮುಚ್ಚಿದ ಕೋಣೆಯಲ್ಲಿ ನಾನು. ಬಾಣಂತಿಗೆ ಗಾಳಿ ತಗಲಬಾರದು ಎಂದು ನನ್ನನ್ನು ಕಟ್ಟಿಹಾಕಿ ಗಾಳಿ ತಿನ್ನಲು ಅವಳು. ಹೊಲಿಗೆ ಇನ್ನೂ ನೋಯುತ್ತಿತ್ತು, ಹೊರಗೆ ಹೋಗೆಂದರೂ ನಾನು ಹೋಗಲಾರೆ, ಅದು ಬೇರೆ ಮಾತು. ಅವಳು ನನಗೆ ಹಾಕಿದ್ದು ನೂರು ಕಟ್ಟಳೆ. ನಾನು ಅವಳಿಗೆ ಹಾಕಿದ್ದು ಒಂದೇ: ಸೇತುವೆ ದಾಟಬಾರದು. ಸೇತುವೆಯ ಮೇಲೆ ಲಾರಿಗಳು ಓಡುತ್ತವೆ, ಸೈಕಲ್ಲಿಗೆ ಇರುವ ಜಾಗ ಒಂದು ಮೊಳ.

ಆ ರಸ್ತೆಯುದ್ದಕ್ಕೂ, ಸಮುದ್ರದಿಂದ ಎಷ್ಟು ಕಿಲೋಮೀಟರ್ ಎಂದು ಬರೆದ ಕಂಬಗಳಿವೆ. ಅಮ್ಮನಿಗೆ ಜಪಾನಿ ಅಕ್ಷರ ಬಾರದು, ಅಂಕಿ ಓದಬಲ್ಲಳು. ಮನೆಯ ಹತ್ತಿರದ ಕಂಬ ಹನ್ನೆರಡು. ಬಂದವಳೇ ಬೂಟು ಬಿಚ್ಚುವ ಮೊದಲು ಬಾಗಿಲಿನಿಂದಲೇ ವರದಿ ಕೊಡುತ್ತಿದ್ದಳು: "ಇವತ್ತು ಹದಿನಾಲ್ಕು!" "ಇವತ್ತು ಹದಿನೈದು, ಅರಿಗಾತೋ ಅಂದೆ ಒಬ್ಬರಿಗೆ!" ಥ್ಯಾಂಕ್ಸ್ ಎಂದು ಯಾಕೆ ಅಂದಳೋ ಅವಳಿಗೇ ಗೊತ್ತಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ, ಮಗುವಿಗೆ ಐದು ವಾರ. ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹಿಡಿದು, ಮಗುವನ್ನು ಮಲಗಿಸಿ ಹೊರಟವಳು ಒಂದೂವರೆ ಗಂಟೆಯಾದರೂ ಬರಲಿಲ್ಲ. ಆಮೇಲೆ ಫೋನ್ ಬಂತು.

"ಗಾಬರಿ ಆಗ್ಬೇಡ. ಕೈಯೆಲ್ಲ ನಡುಗ್ತಾ ಇದೆ. ಸಿಕ್ಕಾಪಟ್ಟೆ ಬೆವರು."

ಅಮ್ಮನಿಗೆ ಸಕ್ಕರೆ ಕಾಯಿಲೆ. ಫೋನ್ ಕಿವಿಗಿಟ್ಟುಕೊಂಡೇ ಅಡುಗೆಮನೆಗೆ ಹೋದೆ. ಅವಳ ಪಾಲಿನ ಉಪ್ಪಿಟ್ಟು ಒಲೆಯ ಪಕ್ಕ ತಟ್ಟೆ ಮುಚ್ಚಿಕೊಂಡು ಹಾಗೇ ಕೂತಿತ್ತು. ಮಾತ್ರೆ ಮಾತ್ರ ನುಂಗಿದ್ದಳು, ಸಕ್ಕರೆ ಇಳಿದಿರಬೇಕು. ತಿಂಡಿಗೆ ಕೂರುವ ಹೊತ್ತಿಗೆ ಮಗು ಅತ್ತಿತ್ತು, ನಾನೇ "ಅಮ್ಮಾ, ಸ್ವಲ್ಪ ಎತ್ಕೋ" ಎಂದು ಕೂಗಿದ್ದೆ.

"ಎಷ್ಟನೇ ಕಂಬದ ಹತ್ರ ಇದ್ದೀಯ?"

"ಹದಿನೇಳು."

"ಸೇತುವೆ ದಾಟಿಲ್ಲ ತಾನೆ?"

"ಇಲ್ಲ ಕಣೇ."

"ಹತ್ತಿರ ಕೊಂಬಿನಿ ಅಂಗಡಿ ಏನಾದ್ರೂ ಕಾಣುತ್ತಾ? ಯಾರಾದ್ರೂ ಜನ?"

"ಯಾರೂ ಇಲ್ಲ. ಹೂವು ಇದೆ, ಅಷ್ಟೇ."

"ಸೈಕಲ್ ಹತ್ಬೇಡ. ಅಲ್ಲೇ ಕೂತ್ಕೋ, ಬಂದೆ."

ಅಂದು ಗಂಡ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಯೋಕೋಹಾಮಾದ ಆಫೀಸಿನವರ ಜೊತೆ ಮೀಟಿಂಗಿನಲ್ಲಿದ್ದವನ ತೊಡೆಯ ಮೇಲೆ ಮಗುವನ್ನಿಟ್ಟೆ. "ತಾಳು, ನಾನು ಹೋಗ್ತೀನಿ, ಎರಡೇ ನಿಮಿಷ," ಎಂದ. ನನಗೆ ಆ ಎರಡು ನಿಮಿಷ ತಾಳುವ ಬುದ್ಧಿ ಇರಲಿಲ್ಲ. "ಆಂಬ್ಯುಲೆನ್ಸ್ ಕರೆಯೋಣ್ವಾ? ಯಾವ ಅಡ್ರೆಸ್ ಹೇಳ್ಲಿ?" ಎಂದು ಅವನು ಹಿಂದಿನಿಂದ ಕೇಳುತ್ತಿದ್ದ. ಆ ರಸ್ತೆಗೆ ಅಡ್ರೆಸ್ ಎಲ್ಲಿಂದ ಬರಬೇಕು? ನೈಟಿಯ ಮೇಲೆ ಅವನ ಜಾಕೆಟ್ ಹಾಕಿಕೊಂಡು, ಸಕ್ಕರೆ ಡಬ್ಬಿ, ಎರಡು ಬಾಳೆಹಣ್ಣು ಚೀಲಕ್ಕೆ ತುರುಕಿ, ಅವನ ಎತ್ತರದ ಸೈಕಲ್ ಹತ್ತಿದೆ. ಕೂರಲು ಆಗಲಿಲ್ಲ. ನಿಂತೇ ತುಳಿದೆ.

ಅಷ್ಟು ಚೆಂದದ ರಸ್ತೆಯನ್ನು ನಾನು ಅಂದು ಬೈದಷ್ಟು ಯಾರೂ ಬೈದಿರಲಾರರು. ತಿಳಿ ಬಿಸಿಲು, ತಣ್ಣನೆ ಗಾಳಿ, ಏರಿಯುದ್ದಕ್ಕೂ ಸಾಸಿವೆ ಹೂವಿನಂಥ ಹಳದಿ ಹೂವು, ಮೇಲೆ ಯಾವುದೋ ಹಕ್ಕಿ ಆಕಾಶದಲ್ಲಿ ನಿಂತಲ್ಲೇ ನಿಂತು ಒಂದೇ ಸಮ ಕೂಗುತ್ತಿತ್ತು. ಒಂದು ಕಾರಾದರೂ ಇರಬಾರದೇ? ಒಬ್ಬ ಸ್ಕೂಟರಿನವನಾದರೂ ಇದ್ದರೆ ಅಡ್ಡಗಟ್ಟಿ ನಿಲ್ಲಿಸಿ ಹೋಗೆನ್ನಬಹುದಿತ್ತು. ಹದಿಮೂರು, ಹದಿನಾಲ್ಕು. ಹೊಲಿಗೆ ಚುರುಗುಟ್ಟಿತು. ಹದಿನೈದರಲ್ಲಿ ಸೇತುವೆಯ ಕೆಳಗಿನಿಂದ ಹಾದುಹೋದೆ. ಮಗುವಿಗೆ ಹಾಲು ಕೊಡುವ ಹೊತ್ತು ಮೀರಿತ್ತು, ಎದೆ ಸೋರಿ ನೈಟಿ ಒದ್ದೆಯಾಯಿತು. ಯಾರ ಹಸಿವಿಗೂ ಆಗದ ಹಾಲು.

ಹದಿನೇಳರ ಕಂಬದ ಬಳಿ ಯಾರೂ ಇರಲಿಲ್ಲ. ಫೋನ್ ಮಾಡಿದೆ.

"ಬಂದಿದ್ದೀನಿ, ಎಲ್ಲಿದ್ದೀಯ?"

"ಇಲ್ಲೇ, ಕಂಬಕ್ಕೆ ಒರಗಿ ಕೂತಿದ್ದೀನಿ." ಮಾತು ತೊದಲುತ್ತಿತ್ತು.

ತಲೆ ಎತ್ತಿದೆ. ನದಿಯ ಆಚೆ, ಅದೇ ಎತ್ತರದ ಅಂಥದೇ ಕಂಬ. ಕಂಬಕ್ಕೆ ಒರಗಿದ ಕೆಂಪು ಸ್ವೆಟರು. ಪಕ್ಕದಲ್ಲಿ ಬಿದ್ದ ನನ್ನ ಸೈಕಲ್ಲು. ಸಮುದ್ರದಿಂದ ದೂರ ಎರಡು ದಡಕ್ಕೂ ಒಂದೇ ಎಂಬುದು ಅಷ್ಟು ದಿನ ಆ ಅಂಕಿಗಳನ್ನು ಕೇಳಿದ ನನಗೆ ಹೊಳೆದಿರಲಿಲ್ಲ.

ಅಮ್ಮನೂ ನನ್ನನ್ನು ನೋಡಿದಳು.

"ಏ... ತಲೆಗೆ ಕಟ್ಕೊಳ್ದೆ ಬಂದಿದ್ದೀಯಲ್ಲೇ! ಕಿವಿಗೆ ಗಾಳಿ..."

ಅಷ್ಟು ಹೇಳಿ ನಿಲ್ಲಿಸಿದಳು. ಕೆಂಪು ಸ್ವೆಟರು ನಿಧಾನಕ್ಕೆ ವಾಲಿ ಹಳದಿ ಹೂವಿನೊಳಗೆ ಹೋಯಿತು. ಅಮ್ಮಾ ಅಮ್ಮಾ ಎಂದು ಫೋನಿನಲ್ಲಿ ಕೂಗಿದೆ. ಆ ಕಡೆಯಿಂದ ಬರೀ ಹಕ್ಕಿಯ ಕೂಗು.

ಸೇತುವೆ ಎರಡು ಕಿಲೋಮೀಟರ್ ಹಿಂದೆ. ಹೋಗಿ, ದಾಟಿ, ಮತ್ತೆ ಅಷ್ಟೇ ದೂರ ಬರಬೇಕು. ಹೋದರೆ ಅವಳು ಕಣ್ಣಿಗೆ ಕಾಣುವುದಿಲ್ಲ. ನಿಂತರೆ ಕಾಣುವುದಷ್ಟೇ. ಸಕ್ಕರೆ ನನ್ನ ಚೀಲದಲ್ಲಿತ್ತು, ನಡುವೆ ನೂರೈವತ್ತು ಗಜ ನೀರು, ನನಗೆ ಈಜು ಬಾರದು. ಸೈಕಲ್ಲನ್ನು ಎರಡು ಸಲ ಹಿಂದಕ್ಕೆ ತಿರುಗಿಸಿ ಎರಡು ಸಲವೂ ನಿಲ್ಲಿಸಿದೆ. ಅಷ್ಟು ಕೈಲಾಗದವಳು ನಾನು ಹಿಂದೆಂದೂ ಆಗಿರಲಿಲ್ಲ, ಹೆರಿಗೆಯ ಮೇಜಿನ ಮೇಲೂ ಕೂಡ.

ಆಗ ಆಚೆ ದಡದಲ್ಲಿ ಬಿಳಿ ಟೋಪಿಯೊಂದು ಓಡುತ್ತ ಬಂತು. ಜಾಗಿಂಗ್ ಮಾಡುವ ಯಾರೋ ಒಬ್ಬ. ನಾನು "ಸುಮಿಮಾಸೆನ್! ಸುಮಿಮಾಸೆನ್!" ಎಂದು ಕಿರುಚಿದೆ. ಪ್ರಾಣ ಹೋಗುವಾಗಲೂ 'ಕ್ಷಮಿಸಿ' ಎನ್ನುವಷ್ಟೇ ನನ್ನ ಜಪಾನಿ. ಆತ ನಿಂತ. ನಾನು ಹೂವಿನ ಕಡೆ ಕೈ ತೋರಿಸಿದೆ. ಅವನು ನೋಡಿ ಬಗ್ಗಿದ. ಮತ್ತೆ ನನ್ನ ಕಡೆ ತಿರುಗಿದಾಗ ಐದು ಬೆರಳು ಕೂಡಿಸಿ ಬಾಯಿಗೆ ತುತ್ತಿಡುವಂತೆ ತೋರಿಸಿದೆ. ತೋರಿಸಿದೆ, ತೋರಿಸಿದೆ, ಕುಣಿಯುತ್ತಲೇ ತೋರಿಸಿದೆ. ನೈಟಿ ತೊಟ್ಟ ಹುಚ್ಚಿಯೊಬ್ಬಳು ನದಿಯಾಚೆ ಊಟ ಮಾಡುತ್ತಿದ್ದಾಳೆ ಅಂದುಕೊಂಡನೋ ಏನೋ. ಸೊಂಟದ ಚೀಲಕ್ಕೆ ಕೈ ಹಾಕಿದ. ಅಮ್ಮನನ್ನು ಎತ್ತಿ ಕೂರಿಸಿ, ಏನನ್ನೋ ಅವಳ ಬಾಯಿಗೆ ಹಿಡಿದ.

ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಎದ್ದು ನಿಂತು ಎರಡೂ ಕೈಯನ್ನು ತಲೆಯ ಮೇಲೆ ದುಂಡಗೆ ಕೂಡಿಸಿ ದೊಡ್ಡ ಸೊನ್ನೆ ಮಾಡಿ ತೋರಿಸಿದ. ಇಲ್ಲಿ ಎಲ್ಲ ಸರಿಯಾಗಿದೆ ಎನ್ನುವುದಕ್ಕೆ ಹಾಗೆ ಮಾಡುತ್ತಾರೆ. ಮಗು ಹುಟ್ಟಿದ ದಿನ ಗಾಜಿನಾಚೆಯಿಂದ ನರ್ಸ್ ನಮಗೆ ಹಾಗೇ ಮಾಡಿದ್ದಳು. ನಾನೂ ಕೈಯೆತ್ತಿ ಸೊನ್ನೆ ಮಾಡಿದೆ. ಆಮೇಲೆ ಸೈಕಲ್ ಹತ್ತಿದೆ.

ಸೇತುವೆ ದಾಟಿ ತಲುಪುವವರೆಗೂ ಆತ ಅಮ್ಮನ ಪಕ್ಕ ಕಾದು ಕೂತಿದ್ದ. ನನ್ನ ಅರಿಗಾತೋಗಳು ಮುಗಿಯುವ ಮೊದಲೇ ತಲೆ ಬಾಗಿಸಿ ಓಡಿಹೋದ. ಅಮ್ಮನ ಕೈಯಲ್ಲಿ ಓಟಗಾರರು ಹೀರುವ ಜೆಲ್ಲಿಯ ಖಾಲಿ ಪೊಟ್ಟಣವಿತ್ತು.

"ಹೂವು ಈ ಕಡೆ ಜಾಸ್ತಿ ಕಾಣ್ತು. ಅದಕ್ಕೇ ದಾಟ್ದೆ," ಎಂದಳು, ತಪ್ಪು ಮಾಡಿದ ಮಗುವಿನ ದನಿಯಲ್ಲಿ. "ಹೇಳಿದ್ರೆ ನಾಳೆಯಿಂದ ಬಿಡಲ್ಲ ಅಂತ ಸುಳ್ಳು ಹೇಳ್ದೆ."

ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ಬಾಳೆಹಣ್ಣು ಸುಲಿದು ಮುರಿದು ಮುರಿದು ಬಾಯಿಗಿಟ್ಟೆ. ತಿನ್ನುತ್ತಲೇ ತನ್ನ ಕೊರಳಿನ ಸ್ಕಾರ್ಫ್ ಬಿಚ್ಚಿ ನನ್ನ ತಲೆಗೆ ಹೊದಿಸಿ, ಕಿವಿ ಮುಚ್ಚಿ, ಗಲ್ಲದ ಕೆಳಗೆ ಗಂಟು ಹಾಕಲು ಹೋದಳು. ಬೆರಳು ನಡುಗಿ ಗಂಟು ಬೀಳಲಿಲ್ಲ. ಮತ್ತೊಮ್ಮೆ, ಮಗದೊಮ್ಮೆ. ನಾನೇ ಕಟ್ಟಿಕೊಂಡೆ.

ನಾನು ಫೋನ್ ಮಾಡಿದ ಮೇಲೆ ಗಂಡ ಮಗುವನ್ನು ಎದೆಗೆ ಕಟ್ಟಿಕೊಂಡು ಟ್ಯಾಕ್ಸಿಯಲ್ಲಿ ಏರಿಯ ಆಚೆಗಿನ ರಸ್ತೆಗೆ ಬಂದ. ಡಾಕ್ಟರಿಗೆ ತೋರಿಸಿದೆವು, ಮಾತ್ರೆ ಬದಲಾಯಿತು. ಸೈಕಲ್ಲುಗಳನ್ನು ಮರುದಿನ ಅವನೇ ಒಂದೊಂದಾಗಿ ತಂದ. ಯಾರೂ ಅಮ್ಮನನ್ನು ಏನೂ ಅನ್ನಲಿಲ್ಲ. ಹೋಗಬೇಡ ಎಂದೂ ಅನ್ನಲಿಲ್ಲ. ಅವಳು ಹೋಗಲಿಲ್ಲ. "ಗಾಳಿ ಜಾಸ್ತಿ ಇವತ್ತು," ಎನ್ನುತ್ತಿದ್ದಳು, ಬಟ್ಟೆ ಒಣಹಾಕುವ ನೆಪದಲ್ಲಿ ಬಾಲ್ಕನಿಯಲ್ಲಿ ನಿಂತು ಏರಿಯ ಕಡೆ ನೋಡುತ್ತ.

ಒಂದು ವಾರದ ಮೇಲೆ ಮಗುವಿನ ಡಯಪರ್ ತರಲೆಂದು, ಆ ದಿನದ ನಂತರ ಮೊದಲ ಸಲ ಕೆಳಗಿಳಿದೆ. ನನ್ನ ಸೈಕಲ್ಲನ್ನು ಅಮ್ಮ ಒರೆಸಿ ನಿಲ್ಲಿಸಿದ್ದಳು. ಸೀಟನ್ನು ನನ್ನ ಎತ್ತರಕ್ಕೆ ಏರಿಸಿ ಬಿಗಿ ಮಾಡಿಟ್ಟಿದ್ದಳು. ಅಮ್ಮ ಊರಿಗೆ ಹೊರಡಲು ಇನ್ನೂ ಒಂದು ತಿಂಗಳಿತ್ತು. ಸೀಟಿನ ಕೆಳಗಿನ ಹಿಡಿಯ ಮೇಲೆ ಕೈಯಿಟ್ಟೆ. ಒಂದು ಸುತ್ತು ಸಡಿಲಿಸಿದರೆ ಸೀಟು ಮತ್ತೆ ಅವಳ ಎತ್ತರಕ್ಕೆ ಇಳಿಯುತ್ತಿತ್ತು. ಸಡಿಲಿಸಲಿಲ್ಲ.