ಸುಂದ್ರವ್ವ ಹುಕ್ಕೇರಿಗೆ ಹೋದದ್ದು

ಹೋದ ವರ್ಷ ಊರಿಂದ ಸಾರಾಯಿ ಓಡಿಸಬೇಕೆಂದು ಮಮದಾಪುರದ ಹೆಂಗಸರು ಮೆರವಣಿಗೆ ತೆಗೆದಾಗ ಎಲ್ಲರಿಗಿಂತ ಮುಂದಿದ್ದವಳು ನಮ್ಮ ಬಾಜೂ ಮನೆಯ ಸುಂದ್ರವ್ವ. ಘೋಷಣೆ ಮಾತ್ರ ಒಂದೂ ಕೂಗಲಿಲ್ಲ, ಬಾಯಲ್ಲಿ ಮಿಸ್ರಿ ಇತ್ತು. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ ಹಲ್ಲಿಗೆ ತಿಕ್ಕಿಕೊಳ್ಳುವುದನ್ನು ನಮ್ಮ ಕಡೆಯ ಹೆಂಗಸರು ಚಟ ಎನ್ನುವುದಿಲ್ಲ, ಹಲ್ಲುಜ್ಜುವುದು ಎನ್ನುತ್ತಾರೆ. ಚಟವೇನಿದ್ದರೂ ಗಂಡಸರದು!

ಅವಳಿಗೊಂದು ಗುಟ್ಟಿತ್ತು, ಊರಲ್ಲಿ ನನಗೊಬ್ಬಳಿಗೇ ಗೊತ್ತು. ಗಂಡ ತೀರಿದ ಮೇಲೆ, ಬಸ್ಸಿನ ಬಾಗಿಲು ಮುಚ್ಚಿದರೆ ಸಾಕು, ಎದೆ ಡವಡವ, ಕೈಕಾಲು ತಣ್ಣಗೆ, ಈಗಲೇ ಸತ್ತೆ ಎನ್ನುವ ಭಯ. ಹುಕ್ಕೇರಿಯ ಮಗಳು ನಂದಾಳ ಮನೆಗೆ ಹೊರಟವಳು ಘಟಪ್ರಭಾದಲ್ಲೇ ಇಳಿದು ನಡೆದು ವಾಪಸ್ ಬರುತ್ತಿದ್ದಳು. ಮಗಳಿಗೆ, "ಎಮ್ಮಿ ಈದೈತಿ, ಹೆಂಗ ಬರ್ಲಿ?" ಎಂದು ಫೋನು. ಮೂರು ವರ್ಷದಲ್ಲಿ ಆ ಎಮ್ಮೆ ಏಳು ಸಲ ಈದಿತು.

ನಂದಾಳಿಗೆ ಎರಡನೇ ಹೆರಿಗೆಯಾಯಿತು. "ಮೂರನೇ ತಿಂಗಳಿಗೆ ಕೂಸಿನ ಹೆಸರಿಡತೇವಿ. ಬರ್ಲಿಲ್ಲಂದ್ರ ನನಗ ತವರಮನಿನ ಇಲ್ಲ ಅಂತ ತಿಳಕೊತೇನಿ," ಎಂದು ಫೋನಿಟ್ಟಳು. ಅಂದು ಸುಂದ್ರವ್ವ ಅಳುತ್ತಲೇ ಮಿಸ್ರಿ ತಿಕ್ಕಿದಳು, ತಿಕ್ಕುತ್ತಲೇ ಅತ್ತಳು. ನನಗೆ ತಡೆಯಲಾಗಲಿಲ್ಲ. ನಾನು ಊರಿನ ಆಶಾ ಕಾರ್ಯಕರ್ತೆ. ಜನರನ್ನು ಆಸ್ಪತ್ರೆಗೆ ಎಳೆದೊಯ್ಯುವುದೇ ನನ್ನ ಕೆಲಸ. ಮನಸ್ಸಿನ ಡಾಕ್ಟರೆಂದರೆ ಬರುವವಳಲ್ಲ, ಬಿಪಿ ನೋಡುವವರೆಂದು ಸುಳ್ಳು ಹೇಳಿ ಸ್ಕೂಟಿಯಲ್ಲಿ ಗೋಕಾಕಕ್ಕೆ ಕರೆದೊಯ್ದೆ.

"ಏನಾರ ಚಟ ಐತೇನ್ರಿ?" ಡಾಕ್ಟರಮ್ಮ ಕೇಳಿದರು.

"ಶಿವಶಿವಾ! ನಾ ಊರಿನ ಸಾರಾಯಿ ಬಿಡಿಸಿದಾಕಿರಿ!"

"ದಿನಕ್ಕ ಎಷ್ಟ ಸಲ ಹಲ್ಲ ತಿಕ್ಕತೀರಿ?"

"ಹನ್ನೊಂದ ಸಲ," ಎಂದಳು ಹೆಮ್ಮೆಯಿಂದ.

ಇಷ್ಟು ಸ್ವಚ್ಛ ಪೇಶಂಟನ್ನು ತಾನು ನೋಡಿಯೇ ಇಲ್ಲ ಎಂದು ಡಾಕ್ಟರಮ್ಮ ನಕ್ಕರು. ಆಮೇಲೆ ಬಿಡಿಸಿ ಹೇಳಿದರು. ಮೊದಲು ಬಂದದ್ದು ಭಯದ ಕಾಯಿಲೆ. ಮಿಸ್ರಿ ಅದನ್ನು ಅರ್ಧ ತಾಸು ಸುಮ್ಮನಿರಿಸುತ್ತದೆ. ಅಮಲು ಇಳಿದಾಗ ಎದೆ ಇನ್ನೂ ಜೋರಾಗಿ ಹಾರುತ್ತದೆ, ಮತ್ತೆ ಮಿಸ್ರಿ ಬೇಕಾಗುತ್ತದೆ. ಎರಡಕ್ಕೂ ಕೂಡಿಯೇ ಔಷಧ ಮಾಡಬೇಕು.

ಗುಳಿಗೆ ಶುರುವಾಯಿತು. ಹನ್ನೊಂದು ಎಂಟಾಯಿತು, ಎಂಟು ಎರಡಾಯಿತು. ನಡುವೆ ಬೆಕ್ಕಿಗೆ ಸೌಟಿನ ಏಟು, ನನಗೆ ಬೈಗುಳ. ಬಿಪಿಯ ಸುಳ್ಳು ಗೊತ್ತಾದಾಗ ನಾಲ್ಕು ದಿನ ಮಾತೇ ಬಿಟ್ಟಳು. ಬಿಡಲಿ, ನಾನೇನು ಗುಳಿಗೆ ಕೊಡುವುದನ್ನು ಬಿಟ್ಟೆನೇ?

ಹೆಸರಿಡುವ ದಿನ ಇಬ್ಬರೂ ಬಸ್ಸು ಹತ್ತಿದೆವು. ಘಟಪ್ರಭಾ ಬಂದಾಗ ಅವಳು ನನ್ನ ಮುಂಗೈ ಹಿಡಿದ ಬಿಗಿಗೆ ನಾಲ್ಕು ಬಳೆ ಒಡೆದವು.

"ದಾಕ್ಷಾಯಿಣಿ, ಇಳಿಯೂಣೇನ?"

"ನೀ ಇಳಿ ಕಾಕು, ನಾ ಹೋಳಿಗಿ ಉಂಡ ಬರ್ತೇನಿ," ಎಂದೆ.

ಸಿಟ್ಟಿಗೆ ಕುಳಿತೇಬಿಟ್ಟಳು.

ಹುಕ್ಕೇರಿಯಲ್ಲಿ ನಂದಾ ಬಾಗಿಲಿಗೆ ಅಡ್ಡ ನಿಂತು, "ಎಮ್ಮಿ ಹೆಂಗೈತಿ?" ಎಂದಳು.

"ಎಮ್ಮಿ ಸುಳ್ಳವ್ವ. ಬಸ್ ಹತ್ತಿದ್ರ ಸಾಯ್ತೇನಿ ಅನಸ್ತಿತ್ತು. ಹೇಳಾಕ ನಾಚಿಕಿ ಬಂತು," ಎಂದಳು ಸುಂದ್ರವ್ವ.

ನಂದಾ ಬಾಗಿಲು ಬಿಟ್ಟು ಸರಿದಳು. ಕೂಸನ್ನು ತಾಯಿಯ ಕೈಗಿಟ್ಟಳು. ಆಮೇಲೆ ಮೆಲ್ಲಗೆ, "ನನಗೂ ಹಂಗ ಆಗತೈತಿ ಯವ್ವಾ, ಕೂಸು ಹುಟ್ಟಿದಾಗಿಂದ. ಅತ್ತಿ ಮಿಸ್ರಿ ಕೊಟ್ಟಾರ. ತಿಕ್ಕಿದ್ರ ಸ್ವಲ್ಪ ಕಡಿಮಿ ಆಗತೈತಿ," ಎಂದಳು.

ಸುಂದ್ರವ್ವ ಮಗಳನ್ನು ಬೈಯಲಿಲ್ಲ, ಏನೂ ಆಗುವುದಿಲ್ಲ ಎಂದು ಸಮಾಧಾನವನ್ನೂ ಹೇಳಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂದಳು:

"ನಾಳೆ ಗೋಕಾಕದ ಡಾಕ್ಟರ ಕಡೆ ಹೋಗೂಣು. ನಾ ಕರಕೊಂಡ ಹೋಗ್ತೇನಿ ನಡಿ, ಬಸ್ಸಿನ್ಯಾಗ."