ಅಪ್ಪನ ಗೇಟ್ ಪಾಸು

ಮಗಳ ಶಾಲೆ ಇರುವುದು ಪುಲಿಕೇಶಿನಗರದಲ್ಲಿ. ಮಧ್ಯಾಹ್ನ ಅವಳನ್ನು ಮನೆಗೆ ಕರೆತರುವುದು ನನ್ನ ಅಪ್ಪನ ಕೆಲಸ. ಶಿವಾಜಿನಗರದಿಂದ ಕೃಷ್ಣರಾಜಪುರಕ್ಕೆ ಸಿಟಿ ಬಸ್ಸು ಓಡಿಸಿಯೇ ಸರ್ವೀಸು ಮುಗಿಸಿದವರು ಅವರು. ಈಗ ಮೊಮ್ಮಗಳನ್ನು ಕರೆತರುವುದನ್ನೂ ಡ್ಯೂಟಿ ಎಂದೇ ಕರೆಯುತ್ತಾರೆ. ಇಸ್ತ್ರಿ ಮಾಡಿದ ಶರ್ಟು ಹಾಕಿ, ತಲೆ ಬಾಚಿ, "ಡ್ಯೂಟಿಗೆ ಹೋಗ್ಬರ್ತೀನಿ" ಎಂದು ಅಮ್ಮನಿಗೆ ಹೇಳಿ ಹಲಸೂರಿನ ಮನೆಯಿಂದ ಹೊರಡುತ್ತಾರೆ. ಅಮ್ಮ ಟೀವಿಯಿಂದ ತಲೆ ತಿರುಗಿಸುವುದಿಲ್ಲ.

ಶಾಲೆಯ ಗೇಟಿನಲ್ಲಿ ಫೋನು ತೆಗೆದು ಆ ದಿನದ ಪಾಸು ತೋರಿಸಿದರೆ ಮಾತ್ರ ಮಗುವನ್ನು ಬಿಡುತ್ತಾರೆ. ಪಾಸು ಎಂದರೆ ಪರದೆಯ ಮೇಲೊಂದು ಬಣ್ಣದ ಚೌಕ, ಅದರೊಳಗೆ ಮಗುವಿನ ಫೋಟೋ ಮತ್ತು ಕರೆದೊಯ್ಯುವವರ ಹೆಸರು. ಬಣ್ಣ ದಿನಕ್ಕೊಂದು. ಇದನ್ನು ತೋರಿಸುವ ವೆಬ್ ಆ್ಯಪ್ ತಯಾರಾದದ್ದು ಇಂದಿರಾನಗರದಲ್ಲಿರುವ ನಮ್ಮ ಆಫೀಸಿನಲ್ಲಿ. ಬರೆದವರಲ್ಲಿ ನಾನೂ ಒಬ್ಬಳು. ಇದನ್ನು ಅಪ್ಪ ಗೇಟಿನಲ್ಲಿ ನಿಲ್ಲುವ ಎಲ್ಲ ಅಜ್ಜ ಅಜ್ಜಿಯರಿಗೂ ಹೇಳಿಟ್ಟಿದ್ದರು. ಹಾಗಾಗಿ ಪಾಸು ತೆರೆಯದಿದ್ದಾಗ ಎಲ್ಲರೂ ಅಪ್ಪನನ್ನೇ ಕೇಳುತ್ತಿದ್ದರು.

ಪಾಸು ಸುಲಭಕ್ಕೆ ತೆರೆಯುತ್ತಿರಲಿಲ್ಲ. ಒಂದು ಚೌಕ ತೋರಿಸಲು ನಾವು ಫ್ರೇಮ್‌ವರ್ಕ್ ಎಂಬ ದೊಡ್ಡದೊಂದು ಸಿದ್ಧ ಚೌಕಟ್ಟು ತಂದು, ಅದರ ಮೇಲೆ ಸಿಕ್ಕಿದ್ದನ್ನೆಲ್ಲ ಹೇರಿದ್ದೆವು. ಬೆಟ್ಟ ಅಗೆದು ಇಲಿ ಹಿಡಿಯುವುದು ನಮ್ಮ ವೃತ್ತಿಯಲ್ಲಿ ತಪ್ಪಲ್ಲ, ಬೆಟ್ಟವನ್ನು ಗಿರಾಕಿಯ ಫೋನಿಗೆ ಕಳಿಸುವುದೂ ವಾಡಿಕೆಯೇ. ಎಲ್ಲ ಸೇರಿ ಒಂದೇ ಭಾರಿ ಜಾವಾಸ್ಕ್ರಿಪ್ಟ್ ಫೈಲು. ಆಫೀಸಿನ ವೈಫೈಯಲ್ಲಿ, ಹೊಸ ಫೋನಿನಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿತ್ತು. ಅಜ್ಜಂದಿರ ಕೈಯಲ್ಲಿ ಇರುತ್ತಿದ್ದದ್ದು ಮಕ್ಕಳು ಬಿಟ್ಟ ಫೋನುಗಳು. ಅಪ್ಪನ ಫೋನು ನಾನು ಬಿಟ್ಟದ್ದು.

ಒಮ್ಮೆ ಇಳಿದ ಫೈಲನ್ನು ಫೋನೇ ಜೋಪಾನವಾಗಿ ಇಟ್ಟುಕೊಳ್ಳಲಿ, ಪ್ರತಿದಿನ ತರಿಸುವುದು ಬೇಡ ಎಂದು ಏರ್ಪಾಡು ಮಾಡಿದೆವು. ಇದಕ್ಕೆ ಕ್ಯಾಷಿಂಗ್ ಎನ್ನುತ್ತಾರೆ. ಅದರಿಂದ ಡೇಟಾ ಉಳಿಯಿತು, ಸಮಯ ಉಳಿಯಲಿಲ್ಲ. ತನ್ನಲ್ಲೇ ಇಟ್ಟುಕೊಂಡರೂ ಫೈಲನ್ನು ಮೊದಲಿಂದ ಕೊನೆಯವರೆಗೆ ಓದದೆ ಫೋನು ಏನನ್ನೂ ತೋರಿಸುವಂತಿಲ್ಲ. ಹಳೇ ಫೋನುಗಳು ನಿಧಾನವಾಗಿ ಓದುತ್ತವೆ. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಅಜ್ಜ ಅಜ್ಜಿಯರ ಸಾಲು ಗೇಟು ದಾಟಿ, ಪಕ್ಕದ ಬೇಕರಿ ದಾಟಿ ರಸ್ತೆಗೆ ಇಳಿಯುತ್ತಿತ್ತು.

ಒಂದು ದಿನ ಶಾಲೆಯ ಪ್ರಿನ್ಸಿಪಾಲರು ನಮ್ಮ ಆಫೀಸಿಗೆ ಫೋನು ಮಾಡಿದರು. "ಈ ಕ್ಯೂ ಇನ್ನು ಸಹಿಸೋಕಾಗಲ್ಲ ಮೇಡಂ. ಸೋಮವಾರ ನಾನೇ ಗೇಟಲ್ಲಿ ನಿಂತು ನೋಡ್ತೀನಿ. ಹೀಗೇ ಇದ್ರೆ ಗ್ರ್ಯಾಂಡ್‌ಪೇರೆಂಟ್ಸ್ ಪಾಸ್ ತೆಗೆದುಬಿಡಿ. ಅಪ್ಪ ಅಮ್ಮ ಬರ್ಲಿ, ಇಲ್ಲಾಂದ್ರೆ ವ್ಯಾನ್ ಹಾಕಿಸ್ಲಿ."

ಕರೆ ತೆಗೆದುಕೊಂಡವಳು ನಾನೇ. ನನ್ನ ಅಪ್ಪನೂ ಆ ಕ್ಯೂನಲ್ಲಿ ಇರುತ್ತಾರೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಜ್ಜ ಅಜ್ಜಿಯರ ಪಾಸು ತೆಗೆಯಲು ಕೋಡಿನಲ್ಲಿ ಒಂದು ಸಾಲು ಅಳಿಸಿದರೆ ಸಾಕು. ನನಗೆ ಭಯವಾಯಿತು. ನಿವೃತ್ತಿಯಾದ ಹೊಸದರಲ್ಲಿ, ಮೊಮ್ಮಗಳು ಶಾಲೆ ಸೇರುವ ಮೊದಲು, ಅಪ್ಪ ಹೇಗಿದ್ದರೆಂದು ನೋಡಿದ್ದೆ. ಹಗಲೆಲ್ಲ ಬಾಗಿಲ ಬಳಿ ಕೂತು, ಹೋಗುವ ಬರುವ ಬಸ್ಸುಗಳ ಗೇರು ಬದಲಿಸುವ ಸದ್ದಿಗೆ ಬೈಯುತ್ತಿದ್ದರು. ಗಡ್ಡ ಬೋಳಿಸುವುದನ್ನೂ ಬಿಟ್ಟಿದ್ದರು.

ನಮ್ಮ ಟೀಮ್ ಲೀಡ್ ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಎಲ್ಲರನ್ನೂ ಗುರು ಎನ್ನುವವನು. "ತೆಗೆದ್ರಾಯ್ತು ಗುರು, ಒಂದ್ ಲೈನ್ ಕೆಲ್ಸ" ಅಂದ. ಫೈಲಿನ ಭಾರ ಇಳಿಸಿ ಕೊಡುತ್ತೇನೆ, ಸೋಮವಾರದವರೆಗೆ ಸುಮ್ಮನಿರು ಅಂದೆ.

ಫೈಲಿನ ಮೂಟೆ ಬಿಚ್ಚಿ ನೋಡಿದರೆ ಒಳಗೆ ಏನುಂಟು ಏನಿಲ್ಲ! ಭೂಮಿಯ ಮೇಲಿನ ಸಕಲ ದೇಶಗಳ ಗಡಿಯಾರವಿತ್ತು. ನಮ್ಮ ಮಕ್ಕಳೆಲ್ಲ ಒಂದೇ ಗಂಟೆಗೆ ಒಂದೇ ಗೇಟಿನಿಂದ ಹೊರಬರುವವರು. ಶಾಲೆಗೆ ದಾರಿ ತೋರಿಸುವ ನಕ್ಷೆ ಇತ್ತು. ಗೇಟಿನ ಮುಂದೆ ನಿಂತು ಅದನ್ನು ನೋಡಬೇಕಿತ್ತು. ಪಾಸು ತೆರೆದೊಡನೆ ಪರದೆಯ ತುಂಬ ಬಣ್ಣದ ಕಾಗದದ ಚೂರು ಉದುರುವ ಏರ್ಪಾಡಿತ್ತು, ಅದು ಟೀಮ್ ಲೀಡಿನ ಕಾಣಿಕೆ. ಇಂಗ್ಲಿಷಿನಲ್ಲಿ ಹೆಸರಿನ ಮೊದಲ ಅಕ್ಷರ ದೊಡ್ಡದು ಮಾಡಲೆಂದೇ ಯಾರೋ ಸಿದ್ಧ ಕೋಡಿನ ಇಡೀ ಒಂದು ಲೈಬ್ರರಿ ಸೇರಿಸಿದ್ದರು. ಯಾರೆಂದು ಹುಡುಕಿದೆ. ನಾನೇ.

ಎಲ್ಲವನ್ನೂ ಕಿತ್ತು ಹಾಕಿದೆ. ಬಣ್ಣದ ಕಾಗದ ಹೋದದ್ದಕ್ಕೆ ಟೀಮ್ ಲೀಡ್ ನನ್ನನ್ನು ಗುರು ಅನ್ನುವುದನ್ನೇ ಬಿಟ್ಟ. ಶಿಕ್ಷಕರಿಗೆ ಮಾತ್ರ ಬೇಕಾದ ಭಾಗಗಳನ್ನು ಬೇರೆ ಫೈಲು ಮಾಡಿ, ಅವರು ಕೇಳಿದಾಗಷ್ಟೇ ಹೋಗುವಂತೆ ಇಟ್ಟೆ. ಉಳಿದದ್ದು ಚಿಕ್ಕ ಗಂಟು. ಶುಕ್ರವಾರ ಅದು ಎಲ್ಲರ ಫೋನಿಗೂ ಹೋಯಿತು.

ಸೋಮವಾರ ಅರ್ಧ ದಿನ ರಜೆ ಹಾಕಿ ನಾನೂ ಗೇಟಿಗೆ ಹೋದೆ. ಪ್ರಿನ್ಸಿಪಾಲರು ಕೈ ಕಟ್ಟಿಕೊಂಡು ನಿಂತಿದ್ದರು. ಸಾಲು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸಾಗಿತು. ಅಜ್ಜಿಯೊಬ್ಬರು ಫೋನು ಎತ್ತಿದೊಡನೆ ಪಾಸು ಬಂದದ್ದು ನೋಡಿ ಅದು ಹಳೆಯದಿರಬೇಕೆಂದು ಗಾರ್ಡಿನ ಬಳಿ ವಾದಕ್ಕಿಳಿದರು. ನನಗೆ ಬಹಳ ಸಂತೋಷವಾಯಿತು. ಆಮೇಲೆ ಸಾಲು ನಿಂತುಬಿಟ್ಟಿತು. ಮುಂದೆ ನಿಂತಿದ್ದವರು ನನ್ನ ಅಪ್ಪ. ಅವರ ಫೋನಿನಲ್ಲಿ ಚಕ್ರ ತಿರುಗುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ.

ಫೋನು ಇಣುಕಿ ನೋಡಿದೆ. ಅದರಲ್ಲಿ ಇದ್ದದ್ದು ಹಳೆಯ ಫೈಲು. "ಅಪ್ಪ, ಈ ಪೇಜನ್ನ ಕೊನೇಸಲ ಯಾವಾಗ ಕ್ಲೋಸ್ ಮಾಡಿದ್ರಿ?"

"ಮಾಡೇ ಇಲ್ಲ, ದಿನಾ ಅದನ್ನೇ ರಿಫ್ರೆಶ್ ಮಾಡ್ತೀನಿ" ಎಂದರು, ಒಳ್ಳೆಯ ಸುದ್ದಿ ಹೇಳುವವರಂತೆ.

ಅವರ ಕಾಲದಲ್ಲಿ ಬ್ಯಾಟರಿ ಬಿದ್ದುಹೋದ ಬಸ್ಸು ಕೈಗೆ ಬಂದರೆ ಡ್ರೈವರು ಇಡೀ ದಿನ ಎಂಜಿನ್ ಆಫ್ ಮಾಡುತ್ತಿರಲಿಲ್ಲ. ಸ್ಟ್ಯಾಂಡಿನಲ್ಲಿ ಊಟ ಮಾಡುವಾಗಲೂ ಗುರುಗುಟ್ಟುತ್ತಿರಬೇಕು. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ, ಪ್ಯಾಸೆಂಜರುಗಳು ಇಳಿದು ತಳ್ಳಬೇಕು. ಪಾಸು ಮೊದಲ ದಿನ ತೆರೆಯಲು ಪಟ್ಟ ಪಾಡು ನೋಡಿ ಅಪ್ಪ ಅದನ್ನು ಅಂಥದೇ ಗಾಡಿ ಎಂದು ತೀರ್ಮಾನಿಸಿದ್ದರು. ನಮ್ಮ ಕ್ಯಾಷಿಂಗಿನ ನಿಯಮವೋ, ಹಳೆಯ ಪುಟ ಪೂರ್ತಿ ಮುಚ್ಚುವವರೆಗೆ ಎಷ್ಟು ರಿಫ್ರೆಶ್ ಮಾಡಿದರೂ ಹಳೆಯದೇ ತೆರೆಯುತ್ತದೆ, ಬಂದಿಳಿದ ಹೊಸದು ಕಾದಿರಬೇಕು. ಬೇರೆಯವರೆಲ್ಲ ಮುಚ್ಚಿ ತೆರೆದಿದ್ದರು. ಹೊಸ ಫೈಲು ಶುಕ್ರವಾರದಿಂದ ಅಪ್ಪನ ಫೋನಿನಲ್ಲೇ ಸುಮ್ಮನೆ ಕಾಯುತ್ತಿತ್ತು.

"ಒಂದ್ಸಲ ಕ್ಲೋಸ್ ಮಾಡಿ, ಸರಿ ಹೋಗುತ್ತೆ."

"ಇಷ್ಟು ಜನ ನಿಂತಿರುವಾಗ? ಆಮೇಲೆ ಎದ್ದೇಳ್ಲಿಲ್ಲಾಂದ್ರೆ?"

ಪ್ರಿನ್ಸಿಪಾಲರು ನಮ್ಮ ಕಡೆಗೆ ನಡೆದು ಬರುತ್ತಿದ್ದರು. ಒಳಗೆ ಬೆಂಚಿನ ಮೇಲೆ ಕೂತಿದ್ದ ಮಗಳು "ತಾತ" ಎಂದು ಕೈ ಬೀಸಿದಳು. ನಾನು ದನಿ ತಗ್ಗಿಸಿ, ಇವತ್ತು ಇದು ತೆರೆಯದಿದ್ದರೆ ನಿಮ್ಮ ಪಾಸೇ ಇರುವುದಿಲ್ಲ, ವ್ಯಾನು ಬರುತ್ತದೆ ಎಂದು ಹೇಳಿಬಿಟ್ಟೆ. ಅಪ್ಪ ನನ್ನ ಮುಖವನ್ನೂ ಫೋನನ್ನೂ ನೋಡಿದರು. ಆಮೇಲೆ ಫೋನನ್ನು ನನ್ನ ಕೈಗಿಟ್ಟರು.

"ನೀನೇ ಆಫ್ ಮಾಡು. ಸ್ಟಾರ್ಟ್ ಆಗ್ಲಿಲ್ಲಾಂದ್ರೆ ತಳ್ಳೋಳೂ ನೀನೇ."

ಮುಚ್ಚಿದೆ. ತೆರೆದೆ. ಹಳದಿ ಚೌಕ, ಮಗಳ ಫೋಟೋ, ಅಪ್ಪನ ಹೆಸರು. ಗಾರ್ಡು ತಲೆಯಾಡಿಸಿದ. ಪ್ರಿನ್ಸಿಪಾಲರು ಅರ್ಧ ದಾರಿಯಲ್ಲೇ ತಿರುಗಿ ಒಳಗೆ ಹೋದರು. ಅಜ್ಜ ಅಜ್ಜಿಯರ ಪಾಸು ಹಾಗೇ ಇರಲಿ ಎಂದು ಸಂಜೆ ಆಫೀಸಿಗೆ ತಿಳಿಸಿದರು. ಟೀಮ್ ಲೀಡ್ ಮತ್ತೆ ನನ್ನನ್ನು ಗುರು ಎಂದ.

ಆ ವಾರವೆಲ್ಲ ಅಪ್ಪ ಮೊಮ್ಮಗಳೊಂದಿಗೆ ಬೇಗ ಮನೆಗೆ ಬಂದರು. ಹೊಗಳುತ್ತಾರೆಂದು ನಾನು ಕಾದೆ. ಶುಕ್ರವಾರ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ, ಪಾಸು ಈಗ ಹೇಗಿದೆ ಎಂದು.

"ಚೆನ್ನಾಗಿದೆ, ತಕ್ಷಣ ಬರುತ್ತೆ" ಎಂದರು. ಮುದ್ದೆ ಮುರಿದು ಸಾರಿಗೆ ಅದ್ದಿ, ಬಾಯಿಗಿಡದೆ ಹಿಡಿದುಕೊಂಡರು. "ಮಾಸ್ಕ್ ರೋಡಿನ ಭಾಯ್ ಇದಾರಲ್ಲ, ಚಪ್ಪಲಿ ಅಂಗಡಿಯವ್ರು, ದಿನಾ ನನ್ ಹಿಂದೇನೇ ನಿಲ್ತಿದ್ರು. ಅವ್ರ ಮನೆಯವ್ರನ್ನ ಆಸ್ಪತ್ರೆಗೆ ಸೇರ್ಸಿದಾರೆ. ಹೇಗಿದಾರೆ ಅಂತ ಕೇಳೋಣ ಅಂದ್ರೆ ಈ ವಾರ ಪೂರ್ತಿ ಆಗ್ಲಿಲ್ಲ. ನಾನು ತೋರ್ಸೋದು, ಒಳಗೆ ಹೋಗೋದು. ಅವ್ರು ತೋರ್ಸೋದು, ಒಳಗೆ ಹೋಗೋದು. ಗಾರ್ಡು ನಿಲ್ಲೋಕೇ ಬಿಡಲ್ಲ."

ಚಕ್ರ ತಿರುಗುವಷ್ಟು ಹೊತ್ತು ಅವರೆಲ್ಲ ಬೇಸರದಿಂದ ನಿಂತಿರುತ್ತಾರೆ ಎಂದುಕೊಂಡಿದ್ದೆ. ನಮ್ಮ ಆಫೀಸಿನಲ್ಲಿ ಆ ಹೊತ್ತನ್ನು ಅಳೆಯಲು ಉಪಕರಣವಿದೆ, ಆ ಹೊತ್ತಿನಲ್ಲಿ ಯಾರು ಯಾರನ್ನು ವಿಚಾರಿಸಿಕೊಂಡರು ಎಂದು ಅದು ತೋರಿಸುವುದಿಲ್ಲ. ಮನಸ್ಸಿಗೆ ನೋವಾಯಿತು. ಸಾರು ಬಡಿಸಿದೆ.

ಮರುವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನ, ಅಪ್ಪ ಎಂದಿಗಿಂತ ಬಹಳ ಮುಂಚೆ ಇಸ್ತ್ರಿ ಶರ್ಟು ಹಾಕಿ ತಲೆ ಬಾಚತೊಡಗಿದರು. ಇಷ್ಟು ಬೇಗ ಯಾಕೆ ಹೊರಟಿರಿ, ಅಲ್ಲಿ ಗೇಟೇ ತೆಗೆದಿರುವುದಿಲ್ಲ ಎಂದು ಅಮ್ಮ ಟೀವಿಯಿಂದ ತಲೆ ತಿರುಗಿಸಿ ಕೇಳಿದರು.

"ಪಾಸ್ ಓಪನ್ ಆಗೋಕೆ ತುಂಬಾ ಹೊತ್ತಾಗುತ್ತೆ ಕಣೇ" ಎಂದರು ಅಪ್ಪ, ನನ್ನ ಕಡೆ ನೋಡದೆ ಚಪ್ಪಲಿ ಮೆಟ್ಟುತ್ತಾ. "ಬೇಕಾದ್ರೆ ಇವಳನ್ನ ಕೇಳು."

ಅಮ್ಮ ನನ್ನನ್ನು ನೋಡಿದರು. ಹೌದು, ಹಳೇ ಫೋನುಗಳಲ್ಲಿ ಹೊತ್ತಾಗುತ್ತದೆ ಎಂದೆ.